ಖಾಲಿ ಕಣದಲ್ಲಿ ವಾಲಿಬಾಲ್: ಮಕ್ಕಳು ಬರುತ್ತಿದ್ದಾರೆ, ಮುಂದೇನು ಮಾಡಲಿ?

ಕಣದ ಮನೆ (ಮೂಡಿಗೆರೆ ಕಡೆ)

ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ಮೂರು ವರ್ಷವಾಯಿತು. ತೋಟ ಸಣ್ಣದು, ಆದರೆ ಅಪ್ಪ ಕಟ್ಟಿಸಿದ ಸಿಮೆಂಟ್ ಕಣ ದೊಡ್ಡದಿದೆ. ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಅಲ್ಲಿ ಕಾಫಿ, ಮೆಣಸು ಒಣಗುತ್ತದೆ. ಉಳಿದ ತಿಂಗಳು ನಮ್ಮ ನಾಯಿಯದೇ ರಾಜ್ಯ.

ಹೋದ ಏಪ್ರಿಲ್‌ನಲ್ಲಿ ಒಂದು ಸಂಜೆ ಪೇಟೆಯಿಂದ ಬರುತ್ತಿದ್ದೆ. ಬಸ್ ಸ್ಟಾಪಿನ ಕಟ್ಟೆ ಮೇಲೆ ಎಂಟು ಹುಡುಗರು ಸಾಲಾಗಿ ಕೂತು ಮೊಬೈಲ್ ನೋಡುತ್ತಿದ್ದರು. ಒಬ್ಬನೂ ತಲೆ ಎತ್ತಲಿಲ್ಲ. ನಮ್ಮೂರಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದು ಅಲ್ಲೊಂದೇ ಕಡೆ. ನಾನೂ ಪಕ್ಕದಲ್ಲಿ ಕೂತು ಮೊಬೈಲ್ ತೆಗೆದೆ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಮುಂದಿನ ವಾರ ಒಂದು ವಾಲಿಬಾಲ್, ಒಂದು ನೆಟ್ ತಂದೆ. ಎರಡೂ ಸೇರಿ 1,650 ರೂಪಾಯಿ. ಕಂಬಕ್ಕೆ ತೋಟದಲ್ಲಿ ಬಿದ್ದಿದ್ದ ಎರಡು ಅಡಿಕೆ ಮರ. ಕಣ ಅಗೆಯೋಕಾಗಲ್ಲ ಅಲ್ವಾ, ಹಳೇ ಟೈರಿನೊಳಗೆ ಕಾಂಕ್ರೀಟ್ ತುಂಬಿ ಕಂಬ ನಿಲ್ಲಿಸಿದೆ. ಮೊದಲ ದಿನ ಮೂರು ಜನ ಬಂದರು. ಮೇ ಮುಗಿಯುವಷ್ಟರಲ್ಲಿ ಇಪ್ಪತ್ತು ದಾಟಿತು. ಅವರಲ್ಲಿ ಆರು ಜನ ಲೈನ್ ಮನೆ ಮಕ್ಕಳು, ಅಸ್ಸಾಂನಿಂದ ಕೆಲಸಕ್ಕೆ ಬಂದವರ ಮಕ್ಕಳು. ಒಬ್ಬನಿಗೆ ಕನ್ನಡ ಒಂದಕ್ಷರ ಬರುತ್ತಿರಲಿಲ್ಲ. ಅವನು ಕಲಿತ ಮೊದಲ ಮಾತು "ನಂದು!". ಚೆಂಡು ಮೇಲೆ ಹೋದರೆ ಸಾಕು, ಎಲ್ಲಿದ್ದರೂ "ನಂದು, ನಂದು" ಅಂತ ಓಡಿ ಬರುತ್ತಾನೆ. ಈಗ ಊರವರೆಲ್ಲ ಅವನನ್ನು ನಂದು ಅಂತಲೇ ಕರೆಯುತ್ತಾರೆ.

ಜೂನ್‌ನಲ್ಲಿ ಮಳೆ ಹಿಡಿಯಿತು. ಕಣಕ್ಕೆ ಪಾಚಿ ಕಟ್ಟಿತು. ಒಬ್ಬ ಜಾರಿ ಬಿದ್ದು ಮಣಿಕಟ್ಟು ಊದಿಸಿಕೊಂಡ. ಆಟ ನಿಲ್ಲಿಸಿದೆವು. ಈಗ ಸೆಪ್ಟೆಂಬರ್, ಅಷ್ಟಿಷ್ಟು ಬಿಸಿಲು ಕಾಣುತ್ತಿದೆ. ಬ್ಲೀಚಿಂಗ್ ಪೌಡರ್ ಹಾಕಿ ಕಣ ತಿಕ್ಕಿದ್ದೇವೆ, ಮಕ್ಕಳು ಮತ್ತೆ ಬರುತ್ತಿದ್ದಾರೆ. ಆದರೆ ಇನ್ನೆರಡು ತಿಂಗಳಾದರೆ ಕಣ ಕಾಫಿಗೆ ಬೇಕು. ಸ್ನೇಹಿತರು "ಒಂದು ಹೊನಲು ಬೆಳಕಿನ ಪಂದ್ಯಾವಳಿ ಮಾಡು, ಹೆಸರೂ ಬರುತ್ತೆ, ದುಡ್ಡೂ ಸೇರುತ್ತೆ, ಜಾಗ ತಾನಾಗಿ ಸಿಗುತ್ತೆ" ಅನ್ನುತ್ತಿದ್ದಾರೆ. ಮಾಡಲೋ ಬೇಡವೋ? ನಿಮ್ಮ ಊರುಗಳಲ್ಲಿ ಏನು ನಡೆದಿದೆ ಹೇಳಿ.

ಹಳೇ ಪಿಟಿ ಮೇಷ್ಟ್ರು (ಬೇಲೂರು)

ಬೇಡ ಮಾರಾಯ್ರೇ. ಈ ವರ್ಷ ಅಂತೂ ಬೇಡ.

ಪಂದ್ಯಾವಳಿ ಅಂದರೆ ಏನು? ಹನ್ನೆರಡು ಜನ ಆಡುತ್ತಾರೆ, ಮುನ್ನೂರು ಜನ ನೋಡುತ್ತಾರೆ. ಹೊರಗಿನಿಂದ ಬಂದ ಗಟ್ಟಿ ಟೀಮ್ ಟ್ರೋಫಿ ಹೊತ್ತುಕೊಂಡು ಹೋಗುತ್ತದೆ. ನಿಮ್ಮ ಇಪ್ಪತ್ತು ಮಕ್ಕಳು ಕುರ್ಚಿ ಹಾಕುತ್ತಾರೆ. ಮಾರನೇ ದಿನ ಕಣದಲ್ಲಿ ಪ್ಲಾಸ್ಟಿಕ್ ಲೋಟ ಬಿಟ್ಟರೆ ಇನ್ನೇನೂ ಇರಲ್ಲ.

ನಾನೂ ಇದೇ ತಪ್ಪು ಮಾಡಿದವನು. ಪ್ರತಿ ವರ್ಷ ತಾಲ್ಲೂಕು ಮಟ್ಟದ ಕ್ರೀಡಾಕೂಟ ಬರುತ್ತಿತ್ತು. ಚೆನ್ನಾಗಿ ಓಡುವ ನಾಲ್ಕು ಮಕ್ಕಳನ್ನು ಆರಿಸಿ ಬೆಳಿಗ್ಗೆ, ಸಂಜೆ ಅವರಿಗೇ ಅಭ್ಯಾಸ ಕೊಡುತ್ತಿದ್ದೆ. ದಪ್ಪಗಿದ್ದವರು, ಅಂಜುವವರು, ಕನ್ನಡಕದವರು ಸುಣ್ಣದ ಗೆರೆ ಎಳೆಯುತ್ತಿದ್ದರು. ಎರಡು ವರ್ಷದ ಹಿಂದೆ ಸಂತೆಯಲ್ಲಿ ಒಬ್ಬ ಸಿಕ್ಕಿದ. ಈರುಳ್ಳಿ ತೂಗುತ್ತಾ "ಸಾರ್, ಗುರುತು ಸಿಕ್ಕಿತಾ? ನಾನು ನಿಮ್ಮ ಸುಣ್ಣದ ಹುಡುಗ" ಅಂದ. ನಗುತ್ತಲೇ ಅಂದ. ದುಡ್ಡು ತಗೊಳ್ಳಲಿಲ್ಲ. ನನಗೆ ಆ ಈರುಳ್ಳಿ ಮನೆವರೆಗೂ ಭಾರ ಆಯಿತು.

ಈಗ ಒಂದು ಪ್ರಶ್ನೆ. ನಿಮ್ಮ ನೆಟ್ ಎಷ್ಟು ಎತ್ತರದಲ್ಲಿ ಕಟ್ಟಿದ್ದೀರಿ?

ಕಣದ ಮನೆ

ಮೇಷ್ಟ್ರೇ, ಗಂಡಸರ ಅಳತೆ, 2.43 ಮೀಟರ್. ಗೂಗಲ್ ನೋಡಿ ಅಳೆದು ಕಟ್ಟಿದೆ. ಹೆಮ್ಮೆಯಿಂದ ಬೇರೆ.

ಹಳೇ ಪಿಟಿ ಮೇಷ್ಟ್ರು

ಅಂದುಕೊಂಡೆ. ದೊಡ್ಡ ಹೆಂಗಸರಿಗೇ 2.24 ಮೀಟರ್ ಇರುವುದು. ಹನ್ನೊಂದು, ಹನ್ನೆರಡು ವರ್ಷದ ಮಕ್ಕಳಿಗೆ ನೆಟ್ಟು ಆಕಾಶದಲ್ಲಿದ್ದ ಹಾಗೆ ಕಾಣುತ್ತದೆ. ಇಳಿಸಿ. ಗುಂಪಿನಲ್ಲಿ ಎಲ್ಲರಿಗಿಂತ ಗಿಡ್ಡ ಇರುವ ಮಗು ಕೈ ಎತ್ತಿದರೆ ನೆಟ್ಟಿನ ಮೇಲಂಚು ಮುಟ್ಟಬೇಕು. ಸರ್ವಿಸ್ ಗೆರೆಯಿಂದಲೇ ಹೊಡೆಯಬೇಕು ಅಂತಿಲ್ಲ, ಮೂರು ಹೆಜ್ಜೆ ಮುಂದೆ ಬಂದು ಹೊಡೆಯಲಿ. ಚೆಂಡು ಆಚೆ ಹೋಯಿತು ಅಂದರೆ ನಾಳೆ ಕರೆಯದೇ ಬರುತ್ತಾರೆ. ಹತ್ತು ಸಲ ನೆಟ್ಟಿಗೆ ಬಡಿದು, ಹತ್ತು ಸಲ ಎಲ್ಲರೂ ನಕ್ಕರೆ "ಹೊಟ್ಟೆನೋವು" ಅಂತ ಮನೆಯಲ್ಲಿ ಉಳಿಯುತ್ತಾರೆ.

ಇನ್ನೊಂದು, ಸಿಮೆಂಟಿನ ಮೇಲೆ ಕಬಡ್ಡಿ ಆಡಿಸಬೇಡಿ. ಮೊಣಕಾಲು ಚಿಪ್ಪು ಉಳಿಯಲ್ಲ. ಕಬಡ್ಡಿಗೆ ಮಣ್ಣೇ ಆಗಬೇಕು. ಕಲ್ಲು ಆರಿಸಿ, ಅಗೆದು, ಮರದ ಹೊಟ್ಟು ಬೆರೆಸಿ ಮೆತ್ತಗೆ ಮಾಡಿದ ಮಣ್ಣು.

ಸಕಲೇಶಪುರದವಳು

ಎಲ್ಲಾ ಓದಿದೆ. "ಎಂಟು ಹುಡುಗರು", "ಒಬ್ಬ ಹುಡುಗ". ಹುಡುಗಿಯರು ಎಷ್ಟು ಜನ ಅಣ್ಣಾ? ಅದನ್ನು ಮಾತ್ರ ಬರೆದೇ ಇಲ್ಲ.

ಕಣದ ಮನೆ

ನಾಲ್ಕು ಜನ ಅಕ್ಕಾ. ಅವರಲ್ಲಿ ಇಬ್ಬರು ಆಡುವುದೇ ಇಲ್ಲ, ಕಟ್ಟೆ ಮೇಲೆ ಕೂತು ನೋಡುತ್ತಾರೆ. ಕೇಳಿದರೆ ತಲೆ ಅಲ್ಲಾಡಿಸುತ್ತಾರೆ. ಒಬ್ಬಳು ಮಾತ್ರ ಪಾಯಿಂಟ್ ಲೆಕ್ಕ ಇಡುತ್ತಾಳೆ. ಕಾಫಿ ಬೀಜ ಎರಡು ಗುಂಪು ಮಾಡಿ ಕಟ್ಟೆ ಮೇಲೆ ಇಟ್ಟುಕೊಂಡಿರುತ್ತಾಳೆ, ಪಾಯಿಂಟ್ ಆದ ಹಾಗೆ ಒಂದೊಂದು ಬೀಜ ಸರಿಸುತ್ತಾಳೆ. ಲೆಕ್ಕ ಒಂದು ದಿನವೂ ತಪ್ಪಿಲ್ಲ. ಬಾಯಿ ಬಿಟ್ಟು ಹೇಳುವುದಿಲ್ಲ, ನಾವೇ ಹೋಗಿ ಬೀಜ ಎಣಿಸಬೇಕು.

ಸಕಲೇಶಪುರದವಳು

ಅವಳಿಗೆ ಒಂದು ಸೀಟಿ ತಂದುಕೊಡಿ. ಇಪ್ಪತ್ತು ರೂಪಾಯಿ.

ನಮ್ಮ ಕಡೆ ಎರಡು ವರ್ಷದಿಂದ ಹುಡುಗಿಯರ ಥ್ರೋಬಾಲ್ ನಡೆಸುತ್ತಿದ್ದೇವೆ. ಶುರುವಿನಲ್ಲಿ ನಾವೂ ಸಂಜೆಯೇ ಇಟ್ಟಿದ್ದೆವು. ಆಗಲಿಲ್ಲ. ನಮ್ಮೂರ ಆಟದ ಟೈಮ್ ಟೇಬಲ್ ಹಾಕುವುದು ನಾವಲ್ಲ, ಆನೆ. ಗುಂಪು ಇಂಥ ಎಸ್ಟೇಟಲ್ಲಿದೆ ಅಂತ ಮೊಬೈಲಿಗೆ ಮೆಸೇಜ್ ಬಂದರೆ ಐದು ಗಂಟೆಗೇ ಎಲ್ಲರೂ ಬಾಗಿಲು ಹಾಕಿಕೊಳ್ಳುತ್ತೇವೆ. ಆಲೂರು, ಬೇಲೂರು, ಮೂಡಿಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಭಾನುವಾರ ಬೆಳಿಗ್ಗೆ ಏಳೂವರೆಗೆ ಬದಲಾಯಿಸಿದೆವು. ಮಂಜು ಇರುತ್ತದೆ, ಚೆಂಡು ಒದ್ದೆ ಆಗುತ್ತದೆ, ಆದರೂ ಬರುತ್ತಾರೆ. ತಾಯಂದಿರೂ ಬಂದು ಕೂರುತ್ತಾರೆ. ಮೂರು ಜನ ತಾಯಂದಿರು ಈಗ ಆಡುತ್ತಾರೆ ಕೂಡ.

ನಾವು ಕಲಿತದ್ದು ಇಷ್ಟೇ. ಬಟ್ಟೆ ಯಾವುದಾದರೂ ಸರಿ, ಚೂಡಿದಾರ್ ಆದರೂ ಪರವಾಗಿಲ್ಲ, ವೇಲ್ ಮಾತ್ರ ಕಟ್ಟಿಕೊಳ್ಳಬೇಕು. ಹತ್ತಿರದಲ್ಲಿ ಬಾಗಿಲು ಭದ್ರವಾಗಿ ಹಾಕುವ ಶೌಚಾಲಯ ಇರಲೇಬೇಕು, ಅದಿಲ್ಲದಿದ್ದರೆ ತಿಂಗಳಲ್ಲಿ ಒಂದು ವಾರ ಹುಡುಗಿಯರು ಬರುವುದಿಲ್ಲ. ಮತ್ತೆ, ಯಾರೂ ವಿಡಿಯೋ ಮಾಡುವ ಹಾಗಿಲ್ಲ. ಒಬ್ಬ ಹುಡುಗ ರೀಲ್ಸ್ ಹಾಕಿದ್ದಕ್ಕೆ ಒಂದೇ ವಾರದಲ್ಲಿ ಐದು ಜನ ಬಿಟ್ಟರು. ಅವರನ್ನು ವಾಪಸ್ ಕರೆತರೋಕೆ ಮನೆ ಮನೆಗೆ ಹೋಗಿ ನಾಲ್ಕು ತಿಂಗಳು ಕಾಫಿ ಕುಡಿದೆ.

ಕಡೂರು ಎಕ್ಸ್‌ಪ್ರೆಸ್

ಮೇಷ್ಟ್ರು ಹೇಳಿದ್ದು ಪೂರ್ತಿ ಒಪ್ಪೋಕಾಗಲ್ಲ. ನಮ್ಮದು ಬಯಲುಸೀಮೆ, ಆನೆನೂ ಇಲ್ಲ, ಪಾಚಿನೂ ಇಲ್ಲ, ಬಿಸಿಲು ಮಾತ್ರ ಇದೆ. ಕೆರೆ ಒಣಗಿದರೆ ಅದೇ ನಮ್ಮ ಸ್ಟೇಡಿಯಂ. ಟೂರ್ನಮೆಂಟ್ ಮಾಡಿದ್ದಕ್ಕೇ ನಮಗೆ ಎರಡು ಕಿಟ್ ಬ್ಯಾಗ್ ಸಿಕ್ಕಿದ್ದು. ಪಂದ್ಯ ಇಲ್ಲ ಅಂದರೆ ದೊಡ್ಡ ಹುಡುಗರು ಆರು ತಿಂಗಳಿಗೆ ಬಿಟ್ಟು ಹೋಗುತ್ತಾರೆ.

ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ ನೆನಪಿದೆಯಾ? 2017ರ ವಿಶ್ವಕಪ್, ನ್ಯೂಜಿಲೆಂಡ್ ಮೇಲೆ ಗೆಲ್ಲಲೇಬೇಕಾದ ಮ್ಯಾಚು, 45 ಬಾಲಿಗೆ 70. ಅವತ್ತು ನಮ್ಮ ಬೀದಿಯಲ್ಲಿ ಹುಡುಗಿಯರು ಬ್ಯಾಟ್ ಕೇಳಿದರು. ದೊಡ್ಡ ಆಟ ಕಣ್ಣಿಗೆ ಬೀಳಬೇಕು ಸಾರ್. ಸುಮ್ನೆ ದಿನಾ ಆಡಿ ಆಡಿ ಅಂದರೆ ಯಾರು ಆಡ್ತಾರೆ?

ಕೊಡಗಿನವರನ್ನು ನೋಡಿ. ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾಗಿದ್ದು 1997ರಲ್ಲಿ, ಕರಡದಲ್ಲಿ, ಪಾಂಡಂಡ ಕುಟ್ಟಪ್ಪ ಅವರಿಂದ. ಅದೂ ಟೂರ್ನಮೆಂಟೇ ಅಲ್ವಾ?

ಹಳೇ ಪಿಟಿ ಮೇಷ್ಟ್ರು

ಅದು ಟೂರ್ನಮೆಂಟೇ. ಆದರೆ ಅಲ್ಲಿ ಟೀಮ್ ಆಗುವುದು ಯಾವುದರಿಂದ? ಮನೆ ಹೆಸರಿನಿಂದ. ಒಂದೇ ಮನೆತನದ ಮಾವ, ಸೊಸೆ, ಮೊಮ್ಮಗ ಎಲ್ಲರೂ ಕೋಲು ಹಿಡಿದು ಇಳಿಯುತ್ತಾರೆ. ದುಡ್ಡು ಕೊಟ್ಟು ಹೊರಗಿನ ಆಟಗಾರನನ್ನು ತರುವ ಹಾಗಿಲ್ಲ. ಅಂಥದ್ದಾದರೆ ನಾನೇ ಬಂದು ಸೀಟಿ ಊದುತ್ತೇನೆ. ನಾನು ಬೇಡ ಅಂದಿದ್ದು ಧ್ವನಿವರ್ಧಕದ ಪಂದ್ಯಾವಳಿ.

ಕಡೂರು ಎಕ್ಸ್‌ಪ್ರೆಸ್

ಸರಿ ಸಾರ್, ಅರ್ಧ ಒಪ್ಪಿದೆ. ಮೈಕ್ ಇಲ್ಲದೆ ಮಜಾ ಇಲ್ಲ ಅನ್ನುವುದು ಮಾತ್ರ ನನ್ನ ಅಭಿಪ್ರಾಯ.

ನರ್ಸಕ್ಕ (ಚಿಕ್ಕಮಗಳೂರು)

ನನ್ನ ಕೆಲಸ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. ಒಂದೆರಡು ವಿಷಯ ಹೇಳುತ್ತೇನೆ.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವ ಹಾಗೆ ಆಡಬೇಕು, ವಾರಕ್ಕೆ ಮೂರು ದಿನವಾದರೂ ಏದುಸಿರು ಬರುವ ಹಾಗೆ. ಇದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು. ಅದಕ್ಕೂ ಮೊದಲು, 2019ರಲ್ಲಿ, 146 ದೇಶಗಳ ಲೆಕ್ಕ ಬಂದಿತ್ತು. 11ರಿಂದ 17 ವರ್ಷದವರಲ್ಲಿ ನೂರಕ್ಕೆ 81 ಜನ ಅಷ್ಟು ಆಡುವುದಿಲ್ಲ. ಹುಡುಗಿಯರಲ್ಲಿ 85, ಹುಡುಗರಲ್ಲಿ 78. ಹಾಗಾಗಿ ವರ್ಷಕ್ಕೊಂದು ಪಂದ್ಯಾವಳಿಯಿಂದ ಏನೂ ಆಗುವುದಿಲ್ಲ ಅನ್ನುವುದರಲ್ಲಿ ನಾನು ಮೇಷ್ಟ್ರ ಕಡೆ. ಹಾರಿ ಕುಣಿಯುವ ಆಟದಲ್ಲೇ ಮೂಳೆ ಗಟ್ಟಿಯಾಗುವುದು, ಅದಕ್ಕೆ ಈ ವಯಸ್ಸೇ ಸರಿ.

ಕಟ್ಟೆ ಮೇಲೆ ಕೂರುವ ಆ ಹುಡುಗಿಯರ ಬಗ್ಗೆ ಒಂದು ಅನುಮಾನ. ನಾಚಿಕೆ ಇರಬಹುದು, ರಕ್ತ ಕಡಿಮೆಯೂ ಇರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಜನರಿಗೆ ರಕ್ತಹೀನತೆ. ನಾಲ್ಕು ಹೆಜ್ಜೆ ಓಡಿದರೆ ಸುಸ್ತು, ಎದೆ ಡವಡವ. ನಾವು ಅದನ್ನು "ಸೋಮಾರಿ" ಅಂದುಬಿಡುತ್ತೇವೆ. ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣದ ಮಾತ್ರೆ ಕೊಡುತ್ತಾರಲ್ಲ, ನುಂಗುತ್ತಾರಾ ಅಥವಾ ಕಿಟಕಿಯಿಂದ ಎಸೆಯುತ್ತಾರಾ ಕೇಳಿ. ಮಾತ್ರೆ, ಊಟದ ಜತೆಗೆ ಟೀ ಕಾಫಿ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕಾಫಿ ನಾಡಿನಲ್ಲಿ ಈ ಮಾತು ಹೇಳಿ ನಾನು ಎಷ್ಟು ಮನೆಯಲ್ಲಿ ಬೈಸಿಕೊಂಡಿದ್ದೇನೋ.

ಚೆಂಡು ತೋಟದೊಳಗೆ ಹೋದರೆ ಬರಿಗಾಲಲ್ಲಿ ಓಡಿ ಹೋಗಿ ಕೈ ಹಾಕಬಾರದು. ಕೋಲಿನಿಂದ ತರಗೆಲೆ ಸರಿಸಿ ನೋಡಿ. ಮುಸ್ಸಂಜೆ ಹಾವಿನ ಹೊತ್ತು. ಕಚ್ಚಿದರೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ನಾಟಿ ಔಷಧಿ ಅಂತ ಅಲೆಯಬೇಡಿ, ನೇರ ಸರ್ಕಾರಿ ಆಸ್ಪತ್ರೆಗೆ ಬನ್ನಿ. ಗುಡುಗು ಕೇಳಿದ ತಕ್ಷಣ ಎಲ್ಲರೂ ಮನೆಯೊಳಗೆ. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಆಗುವವರೆಗೆ ಆಟ ಇಲ್ಲ. ಸಿಲ್ವರ್ ಓಕ್ ಕೆಳಗೆ ನಿಲ್ಲುವುದಂತೂ ಬೇಡವೇ ಬೇಡ.

ಗಿರಿ ಸುತ್ತುವವನು (ಚಿಕ್ಕಮಗಳೂರು)

ಚೆಂಡೇ ಆಗಬೇಕಾ? ಬೆಟ್ಟ ಇದೆಯಲ್ಲ. ಮುಳ್ಳಯ್ಯನಗಿರಿ, 1,930 ಮೀಟರ್, ರಾಜ್ಯದಲ್ಲೇ ಎತ್ತರ. ಶನಿವಾರ ಭಾನುವಾರ ಬೆಂಗಳೂರಿನ ಗಾಡಿಗಳು ಸಾಲುಗಟ್ಟಿ ಬರುತ್ತವೆ. ನಮ್ಮ ಪಕ್ಕದ ಶಾಲೆಯಲ್ಲಿ ಒಂಬತ್ತನೇ ಕ್ಲಾಸಿನವರನ್ನು ಕೇಳಿದೆ, ಎಷ್ಟು ಜನ ಹತ್ತಿದ್ದೀರಿ ಅಂತ. ಮೂವತ್ತೆರಡು ಮಕ್ಕಳಲ್ಲಿ ಐದು ಕೈ ಮೇಲೆ ಬಂತು. ದಿನಾ ಬೆಳಿಗ್ಗೆ ಕಿಟಕಿಯಿಂದ ಕಾಣುವ ಬೆಟ್ಟ!

ಹೋದ ಡಿಸೆಂಬರ್‌ನಲ್ಲಿ ಅವರಲ್ಲಿ ಹದಿನೆಂಟು ಜನರನ್ನು ಕರೆದುಕೊಂಡು ಹೋದೆವು. ಗಾಡಿ ನಿಲ್ಲಿಸಿ ಮೆಟ್ಟಿಲು ಹತ್ತುವುದಲ್ಲ, ಸರ್ಪದಾರಿಯಿಂದ ನಡೆದು. ಅರ್ಧ ದಾರಿಯಲ್ಲಿ ಒಬ್ಬ ಕೂತುಬಿಟ್ಟ, ಆಗಲ್ಲ ಅಂದ. ನಾವೂ ಕೂತೆವು. ಅವಸರ ಮಾಡಲಿಲ್ಲ, ಹುರಿದುಂಬಿಸಲೂ ಇಲ್ಲ, ಕಡಲೆಕಾಯಿ ತಿಂದೆವು. ಹತ್ತು ನಿಮಿಷಕ್ಕೆ ಅವನೇ ಎದ್ದ. ಮೇಲೆ ಹೋಗಿ ಅವನು ಮಾಡಿದ ಮೊದಲ ಕೆಲಸ, ತನ್ನ ಮನೆ ಎಲ್ಲಿದೆ ಅಂತ ಹುಡುಕಿದ್ದು.

ಹೋಗುವ ಮೊದಲು ಪರವಾನಗಿ, ಬುಕಿಂಗ್ ವಿಚಾರಿಸಿಕೊಳ್ಳಿ. ಮಳೆಗಾಲದಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ, ಉಂಬಳ ಬಿಡಿ, ಕಲ್ಲು ಜಾರುತ್ತದೆ, ಮಂಜಿನಲ್ಲಿ ದಾರಿ ಕಾಣಲ್ಲ.

ನರ್ಸಕ್ಕ

ಗಿರಿಯವರೇ, ಕೊಪ್ಪ, ಎನ್.ಆರ್. ಪುರ, ಶೃಂಗೇರಿ ಕಡೆ ಕಾಡಿಗೆ ಹೋಗುವುದಾದರೆ ಮಂಗನ ಕಾಯಿಲೆಯನ್ನೂ ಮರೆಯಬೇಡಿ. ಮಳೆ ನಿಂತ ಮೇಲೆ ಬೇಸಿಗೆ ಮುಗಿಯುವವರೆಗೆ ಅದನ್ನು ಹರಡುವ ಉಣುಗಿನ ಕಾಟ. ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿ, ಉದ್ದ ತೋಳಿನ ಬಟ್ಟೆ ಹಾಕಿಸಿ. ಮಂಗ ಸತ್ತುಬಿದ್ದ ಜಾಗದ ಹತ್ತಿರ ಹೋಗಲೇಬೇಡಿ, ನಮಗೆ ತಿಳಿಸಿ.

ಹಾಸನ ಪಾರ್ಕ್ ರೌಂಡ್ಸ್

2025ರ ಜೂನ್‌ನಲ್ಲಿ ನಮ್ಮ ಜಿಲ್ಲೆಯಿಂದ ಸಾಲು ಸಾಲು ಹೃದಯಾಘಾತದ ಸುದ್ದಿ ಬಂತಲ್ಲ, ಆಗ ಹಾಸನದವರೆಲ್ಲ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಕ್ಯೂ. ಸರ್ಕಾರ ತಜ್ಞರ ಸಮಿತಿ ಮಾಡಿತು. ವಿಪರೀತ ಏರಿಕೆ ಏನಿಲ್ಲ ಅಂತ ವರದಿ ಬಂತು. ಆದರೂ ಹೆದರಿಕೆ ಒಂದು ಒಳ್ಳೆ ಕೆಲಸ ಮಾಡಿತು. ಬೆಳಿಗ್ಗೆ ಐದೂವರೆಗೆ ಪಾರ್ಕಿನಲ್ಲಿ ಕಾಲಿಡೋಕೆ ಜಾಗ ಇಲ್ಲ.

ತಮಾಷೆ ಏನು ಗೊತ್ತಾ? ಅಪ್ಪ ಅಮ್ಮ ಪಾರ್ಕಿನಲ್ಲಿ, ಮಕ್ಕಳು ಟ್ಯೂಷನ್‌ನಲ್ಲಿ. ನನ್ನ ಮಗ ಹತ್ತನೇ ಕ್ಲಾಸು. ಅವನ ಶಾಲೆಯಲ್ಲಿ ಪಿಟಿ ಪೀರಿಯಡ್ ಟೈಮ್ ಟೇಬಲ್ಲಿನಲ್ಲಿದೆ, ನಡೆಯುವುದು ಗಣಿತ. ಕೇಳಿದ್ದಕ್ಕೆ "ಈ ಒಂದು ವರ್ಷ ಸಾರ್" ಅಂದರು. ಹೋದ ವರ್ಷವೂ ಅದನ್ನೇ ಅಂದಿದ್ದರು.

ದೂರದೂರಿನವ

ನಾನು ಅರಸೀಕೆರೆಯವನು, ಈಗ ಲಂಡನ್ನಿನಲ್ಲಿದ್ದೇನೆ. ಇಲ್ಲಿ ಪಾರ್ಕ್‌ರನ್ ಅಂತ ಇದೆ. 2004ರಲ್ಲಿ ಬುಷಿ ಪಾರ್ಕ್‌ನಲ್ಲಿ 13 ಜನ ಓಡಿದ್ದು, ಈಗ ಎಷ್ಟೋ ದೇಶಗಳಲ್ಲಿದೆ. ಶನಿವಾರ ಬೆಳಿಗ್ಗೆ 5 ಕಿಲೋಮೀಟರ್, ಶುಲ್ಕ ಇಲ್ಲ. ಭಾನುವಾರ ಸಣ್ಣ ಮಕ್ಕಳಿಗೆ 2 ಕಿಲೋಮೀಟರ್. ನನಗೆ ಹಿಡಿಸಿದ್ದು ಒಂದೇ. ಎಲ್ಲರಿಗಿಂತ ಹಿಂದೆ ಬರುವುದಕ್ಕೇ ಒಬ್ಬ ಸ್ವಯಂಸೇವಕ ಇರುತ್ತಾನೆ. ಹಾಗಾಗಿ ಬೇರೆ ಯಾರೂ ಕೊನೆಯವರಾಗುವುದಿಲ್ಲ. ನಾನು ಮೊದಲ ಮೂರು ವಾರ ಅವನ ಜತೆಗೇ ನಡೆದೆ. ನಮ್ಮೂರಲ್ಲಿ ಕೊನೆಗೆ ಬಂದವನಿಗೆ ಶಿಳ್ಳೆ ಹೊಡೆಯುತ್ತಿದ್ದದ್ದು ನೆನಪಾಯಿತು, ಹೊಡೆದವರಲ್ಲಿ ನಾನೂ ಒಬ್ಬ.

ಹಳೇ ಪಿಟಿ ಮೇಷ್ಟ್ರು

ಕಣದ ಮನೆಯವರೇ, ಜಾಗದ ಮಾತು ಉಳಿಯಿತು. ಸರ್ಕಾರಿ ಶಾಲೆ ಮೈದಾನ ಇದ್ದೇ ಇರುತ್ತದೆ, ಸಂಜೆ ನಾಲ್ಕೂವರೆಗೆ ಗೇಟು ಹಾಕಿರುತ್ತಾರೆ. ಮುಖ್ಯ ಶಿಕ್ಷಕರ ಭಯ ಒಂದೇ, ಯಾರಾದರೂ ಬಿದ್ದರೆ ನಮ್ಮ ತಲೆಗೆ ಬರುತ್ತೆ ಅಂತ. ಅದು ತಪ್ಪಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಹೋಗಿ, ಬಾಯಿಮಾತು ಬೇಡ, ಅರ್ಜಿ ಕೊಡಿ. ಯಾವ ದಿನ, ಎಷ್ಟು ಹೊತ್ತು, ಯಾವ ಇಬ್ಬರು ದೊಡ್ಡವರು ಇರುತ್ತಾರೆ, ಗೇಟಿನ ಬೀಗ ಯಾರ ಜವಾಬ್ದಾರಿ, ಅಷ್ಟು ಬರೆಯಿರಿ. ನೆಲ ಏರುತಗ್ಗು ಇದ್ದರೆ ಪಂಚಾಯಿತಿಯಲ್ಲಿ ಕೇಳಿ, ಎಷ್ಟೋ ಶಾಲೆಗಳ ಮೈದಾನ ನರೇಗಾದಲ್ಲಿ ಆಗಿದೆ.

ಅಲ್ಲಿ ಖೋ ಖೋ ಶುರು ಮಾಡಿ. ಚೆಂಡು ಬೇಡ, ನೆಟ್ಟು ಬೇಡ, ಎರಡು ಕಂಬ ಸಾಕು. ಎಂಟು ಜನ ಕೂರಬೇಕು, ಒಬ್ಬ ಅಟ್ಟಬೇಕು, ಎದುರಿನವರು ಮೂವರು ಮೂವರಾಗಿ ಇಳಿಯಬೇಕು. ಜೋರಾಗಿ ಓಡದಿದ್ದರೂ ಬುದ್ಧಿ ಓಡಿದರೆ ಸಾಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತಲ್ಲ, ಗೆದ್ದ ನಮ್ಮ ಹೆಣ್ಣುಮಕ್ಕಳ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕು ಕುರುಬೂರಿನ ಚೈತ್ರಾ ಇದ್ದಳು. ಹಳ್ಳಿ ಹುಡುಗಿ.

ಕಣದ ಮನೆ

ಡಿಸೆಂಬರ್ ಆಯಿತು, ತಡವಾಗಿ ಬರೆಯುತ್ತಿದ್ದೇನೆ. ಕಾಫಿ ಕೊಯ್ಲು, ಕ್ಷಮಿಸಿ.

ಹೊನಲು ಬೆಳಕು ಮಾಡಲಿಲ್ಲ. ಸ್ನೇಹಿತರಿಗೆ ಸಿಟ್ಟು. ಎಸ್‌ಡಿಎಂಸಿಗೆ ಎರಡು ಸಲ ಹೋದೆ. ಮೊದಲ ಸಲ "ನೋಡೋಣ" ಅಂದರು. ಎರಡನೇ ಸಲ ಇಬ್ಬರು ತಾಯಂದಿರನ್ನು ಕರೆದುಕೊಂಡು ಹೋದೆ, ಮಾತೆಲ್ಲ ಅವರೇ ಆಡಿದರು, ಬೀಗದ ಕೈ ಸಿಕ್ಕಿತು. ವಾರಕ್ಕೆ ನಾಲ್ಕು ದಿನ, ನಾಲ್ಕೂವರೆಯಿಂದ ಐದೂ ಮುಕ್ಕಾಲು. ನನಗೆ ಬರೋಕಾಗದ ದಿನ ನಂದು ಅವರಪ್ಪ ಇರುತ್ತಾರೆ. ಅವರು ಫುಟ್‌ಬಾಲ್ ಚೆನ್ನಾಗಿ ಆಡುತ್ತಾರೆ ಅಂತ ಈಗ ಗೊತ್ತಾಯಿತು. ಹತ್ತಿರ ಹತ್ತಿರ ಎರಡು ವರ್ಷ ನಮ್ಮ ತೋಟದಲ್ಲೇ ಕೆಲಸ ಮಾಡಿದ್ದಾರೆ, ಒಂದು ದಿನ ಕೇಳಿರಲಿಲ್ಲ.

ನೆಟ್ಟು ಇಳಿಸಿದೆ. ಹುಡುಗಿಯರು ಈಗ ಒಂಬತ್ತು ಜನ. ಕಟ್ಟೆ ಮೇಲಿದ್ದ ಇಬ್ಬರಲ್ಲಿ ಒಬ್ಬಳಿಗೆ ನರ್ಸಕ್ಕ ಹೇಳಿದ ಹಾಗೆ ರಕ್ತ ಕಡಿಮೆ ಇತ್ತು, ಮಾತ್ರೆ ತಗೊಳ್ಳುತ್ತಿದ್ದಾಳೆ, ಇನ್ನೂ ಆಡುತ್ತಿಲ್ಲ.

ಕಾಫಿ ಬೀಜದವಳಿಗೆ ಸೀಟಿ ಕೊಟ್ಟೆ. ಮೂರು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದಳು, ಊದಲಿಲ್ಲ. ನಾಲ್ಕನೇ ದಿನ ನಾನೂ ಆಟಕ್ಕೆ ಇಳಿದಿದ್ದೆ. ಸ್ಮ್ಯಾಶ್ ಹೊಡೆದು ಖುಷಿಯಲ್ಲಿ ಕೈ ಮೇಲೆತ್ತಿದೆ. ಸೀಟಿ ಕೇಳಿಸಿತು. "ಅಂಕಲ್, ನಿಮ್ಮ ಕೈ ನೆಟ್ಟಿಗೆ ತಾಗಿತು." ತಾಗಿರಲಿಲ್ಲ ಅಂತ ವಾದ ಮಾಡಿದೆ. ಇನ್ನೊಂದು ಸಲ ಊದಿದಳು, ಬೀಜ ಆಚೆ ಗುಂಪಿಗೆ ಸರಿಸಿದಳು. ತಾಗಿತ್ತು, ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಮೇಷ್ಟ್ರೇ, ಖೋ ಖೋ ಕಂಬಕ್ಕೆ ಮರ ಕಡಿದು ಇಟ್ಟಿದ್ದೇನೆ. ಎಷ್ಟು ಎತ್ತರ ಬೇಕು? ಅಂಕಣದ ಅಳತೆ ನಮಗ್ಯಾರಿಗೂ ಸರಿಯಾಗಿ ಗೊತ್ತಿಲ್ಲ.

ಹಳೇ ಪಿಟಿ ಮೇಷ್ಟ್ರು

ನೆಲದಿಂದ ಮೇಲೆ 1.2 ಮೀಟರ್. ಸಿಪ್ಪೆ ತೆಗೆದು ಚೆನ್ನಾಗಿ ಉಜ್ಜಿ, ಕೈಗೆ ಸಿಬಿರು ಚುಚ್ಚಬಾರದು. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತೇನೆ, ಹಗ್ಗ ಮತ್ತು ಟೇಪು ನನ್ನ ಹತ್ತಿರ ಇದೆ. ಸುಣ್ಣ ತರಿಸಿಡಿ. ಮಕ್ಕಳಿಗೆ ಹೇಳಬೇಡಿ, ಗೆರೆ ನಾನೇ ಎಳೆಯುತ್ತೇನೆ.